ಸ್ಟೇಷನ್ನಿಗೆ ಕಾಲಿಡದವನು

“ಓರೆ ಮಾಡ್ರಪ್ಪ, ಓರೆ! ಗೋಡೆಗೆ ತಾಗ್ತಿದೆ,” ಎಂದು ಅಳಿಯ ಕೂಗಿದ. ಆರು ಜನ ಹೇಗೋ ಹೆಣಗಾಡಿ ಶವದ ಪೆಟ್ಟಿಗೆಯನ್ನು ಬಾಗಿಲಿನಿಂದ ಹೊರಗೆ ತಂದರು. ಸತ್ತವನು ಬದುಕಿಡೀ ರೈಲು ಹಳಿ ರಿಪೇರಿ ಮಾಡಿದವನು. ಹೊತ್ತವರಲ್ಲಿ ಅವನ ಗ್ಯಾಂಗಿನವರು ಒಬ್ಬಿಬ್ಬರು. ಉಳಿದವರು ನೆಂಟರು, ಭಾರ ಹೊತ್ತು ಅಭ್ಯಾಸವಿಲ್ಲದವರು.

ಮಗಳು ಬೀದಿಯಾಚೆ ನಿಂತಿದ್ದ ಮೀಸೆ ಮಾವನ ಬಳಿ ಹೋದಳು. ಅಪ್ಪನ ಜೊತೆ ಒಂದೇ ಗ್ಯಾಂಗಿನಲ್ಲಿ ದುಡಿದವನು. ಗೆಳೆಯರಿಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

“ಮಾವ, ಮುಂದಿನ ಹೆಗಲು ನೀವೇ ಕೊಡ್ಬೇಕು. ಅಪ್ಪ ಕೊನೇಲಿ ಕೇಳಿದ್ದು ಅದೊಂದೇ.”

“ಎಲ್ಲಿಂದ ಹೋಗ್ತೀರಿ?”

“ಸ್ಮಶಾನ ಹಳಿ ಆಚೆ ಅಲ್ವಾ? ಹಳಿ ದಾಟೋ ಗೇಟು ಮುಚ್ಚಿಬಿಟ್ಟಿದಾರೆ. ಸ್ಟೇಷನ್ ಸೇತುವೆ ಹತ್ತಿ ಇಳೀಬೇಕು.”

“ಮೆಟ್ಟಿಲ ತನಕ ಬರ್ತೀನಮ್ಮ. ಆಮೇಲೆ ಕೇಳ್ಬೇಡ.”

“ಸತ್ತವರ ಮೇಲೂ ಹಠಾನಾ ಮಾವ?”

ಅವನು ಬೀದಿ ದಾಟಿದ. ಬಂದು ಅಳಿಯನ ಜಾಗದಲ್ಲಿ ಹೆಗಲು ಕೊಟ್ಟ.

*

ವರ್ಷಗಳ ಹಿಂದೆ, ಸರ್ಕಾರ ಹಳಿ, ಸ್ಟೇಷನ್ನು ಎಲ್ಲವನ್ನೂ ಖಾಸಗಿ ಕಂಪನಿಗೆ ಮಾರಿದ ದಿನ ಗೆಳೆಯರಿಬ್ಬರೂ ಜಲ್ಲಿ ರಾಶಿಯ ಮೇಲೆ ಕೂತಿದ್ದರು.

“ಜನರ ದುಡ್ಡಲ್ಲಿ ಹಾಕಿದ ಹಳಿ. ಮಾರೋಕೆ ಇದೇನು ಇವರಪ್ಪನ ಮನೆ ಗಂಟಾ?” ಎಂದ ಮೀಸೆ.

“ಯಾರದಾದ್ರೇನೋ, ಬೋಲ್ಟ್ ಸಡಿಲ ಆದ್ರೆ ಬಿಗಿ ಮಾಡೋಕೆ ಒಬ್ಬ ಬೇಕಲ್ಲ. ರೈಲಲ್ಲಿ ಕೂತಿರೋದು ನಮ್ಮೋರೇ ತಾನೇ?”

“ಹಾಗಾದ್ರೆ ಕಂಪನಿ ಅಂಗಿ ತೊಡ್ತೀಯಾ?”

“ತೊಡ್ತೀನಿ.”

“ತೊಡು. ನಾನು ಆ ಸ್ಟೇಷನ್ನಿಗೆ ಕಾಲಿಟ್ರೆ ಕೇಳು.”

ಮೀಸೆ ಕೆಲಸ ಬಿಟ್ಟ. ಕಂಪನಿ ಸ್ಟೇಷನ್ನಿಗೆ ಹೊಸ ಬಣ್ಣ ಬಳಿಸಿ, ಗ್ಯಾಂಗಿನ ಅರ್ಧ ಜನರನ್ನು ಮನೆಗೆ ಕಳಿಸಿತು. ಅವರ ಪಾಲಿನ ಕೆಲಸವನ್ನೂ ಮಾಡಿ ಮಾಡಿ ಗೆಳೆಯನ ಸೊಂಟ ಬಿದ್ದುಹೋಯಿತು. ‘ಅವನು ಹೇಳಿದ್ದು ನಿಜ’ ಎಂದು ಹೆಂಡತಿಯ ಮುಂದೆ ಒಪ್ಪಿಕೊಂಡ; ಹೋಗಿ ಅವನಿಗೇ ಹೇಳಲಿಲ್ಲ. ಮೀಸೆಯೋ, ತಂಗಿಯ ಊರಿಗೂ ರೈಲು ಬಿಟ್ಟು ಇಡೀ ದಿನ ಬಸ್ಸಿನಲ್ಲಿ ಕುಲುಕಾಡಿಕೊಂಡೇ ಹೋಗುತ್ತಿದ್ದ. ಒಬ್ಬರಿಗಿಂತ ಒಬ್ಬರು ಮೊಂಡರು.

*

ಸೇತುವೆಯ ಮೆಟ್ಟಿಲ ಬುಡದಲ್ಲಿ ಮೀಸೆ ಪಕ್ಕಕ್ಕೆ ಸರಿದ. ಅಳಿಯ ಮತ್ತೆ ಹೆಗಲು ಕೊಟ್ಟ.

ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಒಬ್ಬೊಬ್ಬರ ಹೆಜ್ಜೆ ಒಂದೊಂದು ಕಡೆ. ಪೆಟ್ಟಿಗೆ ವಾಲಿತು, ಹೂವು ಉದುರಿತು.

“ಅಯ್ಯೋ, ಅಪ್ಪ ಬಿದ್ದೋಗ್ತಾರೆ!” ಎಂದು ಮಗಳು ಕಿರುಚಿದಳು.

“ನಿಲ್ರೋ! ಇದೇನು ಹೊರೋ ರೀತೀನಾ?”

ಮೀಸೆ ದಡದಡ ಮೆಟ್ಟಿಲು ಹತ್ತಿ ಬಂದ. ಅಳಿಯನನ್ನು ಸರಿಸಿ ಹೆಗಲು ಕೊಟ್ಟ. ಹಳಿ ಹೊರುವಾಗ ಗ್ಯಾಂಗಿನವರ ಹೆಜ್ಜೆ ಕೂಡಲೆಂದು ಅವನೇ ಹಾಕುತ್ತಿದ್ದ ಕೂಗು ತಾನಾಗಿ ಬಾಯಿಗೆ ಬಂತು.

“ಎಡಗಾಲು ಮುಂದೇ...”

“ಹೋ!” ಎಂದ ಹಿಂದಿನಿಂದ ಕಂಪನಿ ಅಂಗಿಯವನೊಬ್ಬ.

“ಬಲಗಾಲು ಮುಂದೇ...”

“ಹೋ!” ಈ ಸಲ ಎಲ್ಲರೂ.

ಪೆಟ್ಟಿಗೆ ನೆಟ್ಟಗಾಯಿತು. ಸೇತುವೆಯ ನಡುವಿಗೆ ಬಂದಾಗ ಕೆಳಗೆ ರೈಲು ಬಂದು ನಿಂತಿತು. ಇಳಿದವರು ಕತ್ತೆತ್ತಿ ನೋಡಿದರು. ಮೀಸೆ ಮಾವ ಅಳುತ್ತಲೇ ಕೂಗುತ್ತಿದ್ದ. ಪೆಟ್ಟಿಗೆಯ ಮೇಲೆ ಉಳಿದಿದ್ದ ಹೂವು ಒಂದೂ ಕದಲಲಿಲ್ಲ.