ರಬ್ಬರಿಗೆ ಹಿಡಿದ ವಾಸನೆ

"ಮೂಸಿ ನೋಡು. ನೀನೇ ಮೂಸಿ ನೋಡು," ಎಂದು ಸುಕನ್ಯಮ್ಮ ಕುಕ್ಕರಿನ ಗ್ಯಾಸ್ಕೆಟ್ಟನ್ನು ಎರಡೇ ಬೆರಳಲ್ಲಿ ಹಿಡಿದು ಜಟ್ಟೆಮ್ಮನ ಮೂಗಿನ ತನಕ ತಂದರು. ಜಟ್ಟೆಮ್ಮ ಚಪಾತಿ ಹಿಟ್ಟಿನ ಕೈಯನ್ನು ಹಾಗೇ ಪಾತ್ರೆಯಲ್ಲಿಟ್ಟುಕೊಂಡು ಮೂಸಿದಳು. ಸೋಪಿನ ವಾಸನೆ, ನಿಂಬೆಯ ವಾಸನೆ, ಅವೆರಡರ ಅಡಿಯಲ್ಲಿ ಸಣ್ಣಗೆ, ಆದರೆ ಇಲ್ಲವೆನ್ನಲಾಗದ ಹಾಗೆ ಮಟನ್ ಸಾರಿನ ವಾಸನೆ.

"ಇದೆ ಅಲ್ವಾ?"

"ಐತಮ್ಮ."

"ಎಲ್ಲಿಂದ ಬಂತು? ನಮ್ಮನೆ ಬಾಗಿಲೊಳಗೆ ಮೊಟ್ಟೆ ಕೂಡ ಬರಲ್ಲ. ನೀನು ತಿನ್ಬೇಡ ಅಂತ ಯಾವತ್ತಾದ್ರೂ ಹೇಳಿದೀನಾ? ನಿಮ್ಮನೇಲಿ ಏನು ಬೇಕಾದ್ರೂ ತಿನ್ಕೋ. ಕೈ ಸರಿಯಾಗಿ ತೊಳ್ಕೊಂಡು ಬಾ ಅಂದೆ, ಅಷ್ಟೆ."

ಈ ಮಾತು ಶುರುವಾಗಿ ಮೂರನೇ ತಿಂಗಳು. ಇಂದಿರಾನಗರದ ಈ ಮೊದಲ ಮಹಡಿಯ ಮನೆಯಲ್ಲಿ ಜಟ್ಟೆಮ್ಮ ನಾಲ್ಕು ವರ್ಷದಿಂದ ಅಡಿಗೆ ಮಾಡುತ್ತಿದ್ದಳು. ಬೆಳಿಗ್ಗೆ ಏಳಕ್ಕೆ ಜೋಗುಪಾಳ್ಯದಿಂದ ನಡೆದು ಬಂದರೆ ತಿಂಡಿ, ಮಧ್ಯಾಹ್ನದ ಅಡಿಗೆ ಮುಗಿಸಿ ಹತ್ತೂವರೆಗೆ ಅದೇ ರಸ್ತೆಯ ಇನ್ನೆರಡು ಮನೆಗಳಿಗೆ ಹೋಗುವಳು. ಆ ಎರಡೂ ಮನೆಗಳನ್ನು ಸುಕನ್ಯಮ್ಮನೇ ಹೇಳಿ ಕೊಡಿಸಿದ್ದು. ಈಗ ಅವರ ಬಾಯಿಂದ ಒಂದು ಮಾತು ಹೊರಬಿದ್ದರೆ ಮೂರೂ ಮನೆ ಒಟ್ಟಿಗೇ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ವಾಸನೆ ತೆಗೆಯಲು ಅವಳು ಮಾಡದ ಕೆಲಸವಿರಲಿಲ್ಲ. ಮೊದಲು ನಿಂಬೆ ಸಿಪ್ಪೆ ಹಾಕಿ ಕುದಿಸಿದಳು. ಆಮೇಲೆ ಅಡಿಗೆ ಸೋಡ ಬಳಿದು ಒಂದು ರಾತ್ರಿ ಇಟ್ಟಳು. ಸುಕನ್ಯಮ್ಮ ಮೊಬೈಲಿನಲ್ಲಿ ಯಾರದೋ ವಿಡಿಯೋ ನೋಡಿ ವಿನಿಗರ್ ತರಿಸಿದರು. ಅದರಲ್ಲಿ ನೆನೆಸಿದ ಮೇಲೆ ಎರಡು ದಿನ ಅನ್ನವೆಲ್ಲ ಉಪ್ಪಿನಕಾಯಿಯ ಹಾಗೆ ಹುಳಿ ವಾಸನೆ ಹೊಡೆಯಿತು. ಅಡಿಗೆಮನೆಯ ಹಿಂದಿನ ಯುಟಿಲಿಟಿಯಲ್ಲಿ ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿ ಬಿಸಿಲಿಗೆ ಕಟ್ಟಿದ್ದಾಯಿತು, ಕಾಫಿಪುಡಿಯ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಾಯಿತು, ಫ್ರೀಜರಿನಲ್ಲಿಟ್ಟದ್ದೂ ಆಯಿತು. ಪ್ರತಿ ಸಲವೂ ನಾಲ್ಕೈದು ದಿನ ಕಮ್ಮಿಯಾದಂತೆ ಕಂಡು ಮತ್ತೆ ಹಾಗೇ ಬರುತ್ತಿತ್ತು. ಪ್ರತಿ ಸಲವೂ ಸುಕನ್ಯಮ್ಮ ಗ್ಯಾಸ್ಕೆಟ್ ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದರು. ಒಂದು ಬೆಳಿಗ್ಗೆ ಬರುವ ದಾರಿಯಲ್ಲಿ ಸಿಗ್ನಲ್ ಹತ್ತಿರ ನಿಂತು ಜಟ್ಟೆಮ್ಮ ತನ್ನ ಅಂಗೈಯನ್ನು ತಾನೇ ಮೂಸಿಕೊಂಡಳು. ಮೂಸಿದ ಮೇಲೆ ತನ್ನ ಮೇಲೇ ಅವಳಿಗೆ ಅಸಾಧ್ಯ ಕೋಪ ಬಂತು. ಭಾನುವಾರ ತಿಂದ ಊಟಕ್ಕೆ ಗುರುವಾರ ಯಾಕೆ ಕೈ ಮೂಸಿಕೊಳ್ಳಬೇಕು?

ಆ ಶುಕ್ರವಾರ ಅವಳು ಕೆಲಸ ಮುಗಿಸಿ ನೇರ ಶಿವಾಜಿನಗರದ ಬಸ್ಸು ಹತ್ತಿದಳು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಅಕ್ತರ್ ಎಂಬುವನದೊಂದು ಕುಕ್ಕರ್ ರಿಪೇರಿ ಅಂಗಡಿ. ಹಿಡಿಕೆ, ವೆಯ್ಟು, ಗ್ಯಾಸ್ಕೆಟ್ಟು ಎಲ್ಲವನ್ನೂ ಹೂವಿನ ಹಾರಗಳ ಹಾಗೆ ತೂಗುಹಾಕಿಕೊಂಡು ಅವನು ನಡುವೆ ಕೂತಿದ್ದ. ಜಟ್ಟೆಮ್ಮ ಪ್ಲಾಸ್ಟಿಕ್ ಕವರಿನಿಂದ ಗ್ಯಾಸ್ಕೆಟ್ ತೆಗೆದು ಮುಂದಿಟ್ಟಳು.

"ಇದರ ವಾಸ್ನೆ ಹೋಗ್ಬೇಕು. ಏನಾದ್ರೂ ಪೌಡರ್ ಗೀಡರ್ ಐತಾ?"

ಅಕ್ತರ್ ಮೂಸಿ ನಕ್ಕ. "ಅರೇ, ಲವಂಗ ಎಲ್ಲ ಹಾಕಿ ಚೆನ್ನಾಗಿ ಮಾಡಿದೀರಲ್ಲಮ್ಮ."

"ನಾನು ಮಾಡಿಲ್ಲ ಕಣಪ್ಪ! ಅದು ಸಸ್ಯಾಹಾರಿಗಳ ಮನೆ ಕುಕ್ಕರ್ರು. ನನ್ನ ಕೈಯಿಂದ ಹತ್ಕೊಂಡೈತೆ ಅಂತಾರೆ ಅವರು."

"ಕೈಯಿಂದಾನಾ?" ಅಕ್ತರ್ ಗ್ಯಾಸ್ಕೆಟ್ಟನ್ನು ಹಿಗ್ಗಿಸಿ ತೋರಿಸಿದ. "ನೋಡಮ್ಮ, ಇದು ರಬ್ಬರು. ಮುಟ್ಟಿದ್ರೆ ಹಿಡಿಯಲ್ಲ. ಒಳಗೆ ಬೇಯ್ತದಲ್ಲ, ಆ ಬಿಸಿ ಹಬೆ ಇದ್ರೊಳಗೆ ಇಳೀತದೆ. ಯಾರೋ ಇದ್ರಲ್ಲಿ ಬೇಯಿಸಿದಾರೆ. ಒಂದ್ಸಲ ಅಲ್ಲ, ತಿರುಗಾ ಮುರುಗಾ ಬೇಯಿಸ್ತಾವ್ರೆ. ನಾನು ಹೊಸದು ಕೊಡ್ತೀನಿ. ಆದ್ರೆ ಬೇಯಿಸೋರು ನಿಲ್ಲಿಸಿಲ್ಲ ಅಂದ್ರೆ ಅದೂ ಇದೇ ಕತೆ."

ಜಟ್ಟೆಮ್ಮ ಹೊಸ ಗ್ಯಾಸ್ಕೆಟ್ ಹಿಡಿದುಕೊಂಡು ಬಸ್ಸಿನಲ್ಲಿ ಕೂತಳು. ಹಲಸೂರು ಕೆರೆ ದಾಟುವಷ್ಟರಲ್ಲಿ ಅವಳಿಗೆ ಒಂದು ವಿಷಯ ಹೊಳೆಯಿತು. ವಾಸನೆ ಜೋರಾಗಿರುವುದು ಯಾವಾಗಲೂ ಗುರುವಾರ ಬೆಳಿಗ್ಗೆ. ಬುಧವಾರ ಸುಕನ್ಯಮ್ಮ ಮಲ್ಲೇಶ್ವರದ ತಂಗಿಯ ಮನೆಗೆ ಹೋದರೆ ಬರುವುದು ಸಂಜೆ. ಮಗ ಜಗನ್ ಆಫೀಸಿಗೆ ಹೋಗಿರುತ್ತಾನೆ. ಮನೆಯಲ್ಲಿ ಕೂತು ಕೆಲಸ ಮಾಡುವವಳು ಸೊಸೆ ನಂದಿತಾ ಒಬ್ಬಳೇ.

ಮುಂದಿನ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಅವಳು ಆ ಮನೆಯ ಬೆಲ್ಲು ಒತ್ತಿದಳು. ಬಾಗಿಲು ತೆರೆಯಲು ಬಹಳ ಹೊತ್ತಾಯಿತು. ನಂದಿತಾಳ ಹಿಂದೆ ಧೂಪದ ಹೊಗೆ ಮುಸುಕಿತ್ತು, ಚಿಮಣಿ ಜೋರಾಗಿ ಓಡುತ್ತಿತ್ತು. ಎರಡಕ್ಕೂ ಬಗ್ಗದೆ ಮಸಾಲೆಯ ಘಮ ಬಾಗಿಲ ತನಕ ಬಂದಿತ್ತು. ಜಟ್ಟೆಮ್ಮ ಚಪ್ಪಲಿ ಬಿಟ್ಟು ನೇರ ಅಡಿಗೆಮನೆಗೆ ಹೋದಳು. ತಟ್ಟೆಯಲ್ಲಿ ಅರ್ಧ ಮುರಿದ ಮುದ್ದೆ, ಪಕ್ಕದಲ್ಲಿ ತೆರೆದ ಕುಕ್ಕರ್.

"ಅಕ್ಕಾ..." ನಂದಿತಾ ಬಾಗಿಲಲ್ಲೇ ನಿಂತಳು.

"ಮೂರು ತಿಂಗಳಮ್ಮ," ಎಂದಳು ಜಟ್ಟೆಮ್ಮ. ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳಲ್ಲಿ ಉಳಿದದ್ದು ಇಷ್ಟೇ. "ಮೂರು ತಿಂಗಳಿಂದ ಉಜ್ಜಿ ಉಜ್ಜಿ ಸಾಯ್ತಾ ಇದೀನಿ. ನಿಮ್ಮೆದುರಿಗೇ ಬೈಸ್ಕೊಂಡಿದೀನಿ. ನೀವು ಮೊಬೈಲ್ ನೋಡ್ಕೊಂಡು ಕೂತಿದ್ರಿ."

ನಂದಿತಾಳ ತವರು ಕೆ.ಆರ್. ಪುರದ ಕಡೆ, ಅಲ್ಲಿನ ಹಳೆಯ ಒಕ್ಕಲು ಮನೆತನ. ಆಫೀಸಿನಲ್ಲಿ ಜೊತೆಗಿದ್ದ ಜಗನ್‌ನನ್ನು ಮೆಚ್ಚಿ ಮದುವೆಯಾದಾಗ ಅತ್ತೆ ಕೇಳಿದ್ದು ಒಂದೇ ಮಾತು: ಈ ಮನೆಯೊಳಗೆ ಮಾಂಸ ಬರಕೂಡದು. ಇವಳೂ ಆಗಲಿ ಅಂದಿದ್ದಳು.

"ಹೊರಗೆ ತಿನ್ಬೋದಿತ್ತಲ್ಲ? ಬೇಕಾದಷ್ಟು ಹೋಟ್ಲುಗಳವೆ."

"ಹೋಟ್ಲಲ್ಲಿ ಬಿರಿಯಾನಿ ಸಿಗುತ್ತೆ ಅಕ್ಕ. ನಮ್ಮಮ್ಮ ಮಾಡೋ ಸಾರು ಸಿಗಲ್ಲ." ನಂದಿತಾ ಕಣ್ಣೊರೆಸಿಕೊಂಡಳು. "ನಾನೂ ಈ ಮನೆಯೋಳೇ ಅಲ್ವಾ? ವಾರಕ್ಕೊಂದ್ಸಲ ನನಗೆ ಬೇಕಾದ್ದು ಮಾಡ್ಕೊಂಡು, ಕೂತ್ಕೊಂಡು ಉಣ್ಬೇಕು ಅನ್ಸುತ್ತೆ. ನಾಳೆ ಬೆಳಿಗ್ಗೆ ನಾನೇ ಅತ್ತೆಗೆ ಹೇಳ್ತೀನಿ. ದೇವರಾಣೆ."

ಜಟ್ಟೆಮ್ಮನಿಗೆ ಅವಳನ್ನು ನೋಡಿ ಪಾಪವೆನಿಸಿತು. ಪಾಪವೆನಿಸಿತಲ್ಲ ಎಂದು ಇನ್ನಷ್ಟು ಸಿಟ್ಟೂ ಬಂತು. "ಮುದ್ದೆ ಆರಿಹೋಗ್ತೈತೆ, ಉಣ್ಣಿ," ಎಂದು ಹೊರಟುಬಂದಳು.

ಗುರುವಾರ ಬೆಳಿಗ್ಗೆ ಅವಳು ಬಂದಾಗ ನಂದಿತಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ತಲೆಯೆತ್ತಲಿಲ್ಲ. ಸುಕನ್ಯಮ್ಮ ಅಡಿಗೆಮನೆಗೆ ಬಂದು, ಮುಚ್ಚಳದಿಂದ ಗ್ಯಾಸ್ಕೆಟ್ ಕಿತ್ತು ಮೂಸಿ, ಅದನ್ನು ಸಿಂಕಿಗೆ ಎಸೆದರು.

"ಹೊಸದು! ಒಂದು ವಾರ ಆಗಿಲ್ಲ!"

ಜಟ್ಟೆಮ್ಮ ಅದನ್ನು ತೊಳೆದು, ಮುಚ್ಚಳಕ್ಕೆ ಹಾಕಿ, ತೊಗರಿಬೇಳೆಯಿಟ್ಟು ಒಲೆ ಹಚ್ಚಿದಳು. ಮೇಜಿನ ಕಡೆ ನೋಡಿದಳು. ನಂದಿತಾ ಕೀಬೋರ್ಡ್ ಒತ್ತುತ್ತಲೇ ಇದ್ದಳು.

"ಬುಧವಾರ ನಾನಿಲ್ದಾಗ ನೀನು ಇಲ್ಲಿ ಏನು ಮಾಡ್ತೀಯೋ ದೇವರಿಗೇ ಗೊತ್ತು," ಎಂದರು ಸುಕನ್ಯಮ್ಮ. "ಸಾಕಾಯ್ತು. ನಾಳೆಯಿಂದ ಬರ್ಬೇಡ. ನಮ್ಮ ರಸ್ತೆಯೋರ ವಾಟ್ಸಾಪ್ ಗ್ರೂಪಲ್ಲೂ ಹಾಕ್ತೀನಿ, ಮಿಕ್ಕೋರಾದ್ರೂ ಹುಷಾರಾಗಿರ್ಲಿ."

ಜಟ್ಟೆಮ್ಮ ಸೆರಗಿಗೆ ಕೈಯೊರೆಸಿಕೊಂಡು ಎರಡೂ ಅಂಗೈಗಳನ್ನು ಅವರ ಮುಂದೆ ಚಾಚಿದಳು.

"ಮೂಸಿ ನೋಡ್ರಮ್ಮ. ರಬ್ಬರನ್ನೇ ಮೂಸ್ತಾ ಇದೀರ, ಒಂದ್ಸಲ ಇದನ್ನೂ ಮೂಸಿ. ಹೂಂ, ನಾನು ತಿಂತೀನಿ. ಭಾನುವಾರ, ನಮ್ಮನೇಲಿ, ನಮ್ಮ ಕುಕ್ಕರಲ್ಲಿ ಮಾಡ್ಕೊಂಡು ತಿಂತೀನಿ. ನಿಮ್ಮ ಕುಕ್ಕರಿಗೆ ನಾನು ಬೇಳೆ, ಅಕ್ಕಿ ಬಿಟ್ಟು ಇನ್ನೇನೂ ಹಾಕಿಲ್ಲ. ಯಾರು ಹಾಕಿದ್ರು ಅಂತ ನನ್ನ ಬಾಯಿಂದ ಬರಲ್ಲ. ಹೇಳ್ಬೇಕಾದೋರು ಹೇಳ್ಲಿ."

ಲ್ಯಾಪ್‌ಟಾಪ್ ಮುಚ್ಚಿದ ಸದ್ದಾಯಿತು.

"ಅತ್ತೆ, ಅದು ನಾನು," ಎಂದಳು ನಂದಿತಾ. "ಬುಧವಾರ ನಾನೇ ಮಾಡ್ಕೊಳ್ಳೋದು. ಅಕ್ಕಂದು ಏನೂ ತಪ್ಪಿಲ್ಲ."

ಸುಕನ್ಯಮ್ಮ ಮೊದಲು ಸೊಸೆಯನ್ನು ನೋಡಿದರು, ಆಮೇಲೆ ತಮ್ಮ ಮುಂದೆ ಇನ್ನೂ ಚಾಚಿಕೊಂಡೇ ಇದ್ದ ಕೈಗಳನ್ನು ನೋಡಿದರು. ಮುಖ ಕೆಂಪಾಗಿ, ಬಿಳಿಚಿ, ಕೊನೆಗೆ ಗೋಡೆಯ ಕಡೆ ತಿರುಗಿತು. ತಗ್ಗಿದ ದನಿಯಲ್ಲಿ ಸೊಸೆಗೆ ಹೇಳಿದರು:

"ಇದನ್ನ ಜಟ್ಟೆಮ್ಮನ ಮುಂದೇನೇ ಹೇಳ್ಬೇಕಿತ್ತಾ?"

ಜಟ್ಟೆಮ್ಮ ಕೈ ಇಳಿಸಿದಳು. ಇಷ್ಟು ದಿನ ಈ ಮನೆಯಲ್ಲಿ ಎಷ್ಟೋ ಮಾತು ಕೇಳಿದ್ದಳು. ಇದರಷ್ಟು ಯಾವುದೂ ಅವಳನ್ನು ಸುಸ್ತು ಮಾಡಿರಲಿಲ್ಲ. ಬಾಗಿಲ ಹಿಂದಿನ ಮೊಳೆಯಿಂದ ಬ್ಯಾಗು ತೆಗೆದು ಹೆಗಲಿಗೇರಿಸಿದಳು.

"ಅಕ್ಕಾ, ಹೋಗ್ಬೇಡಿ. ಈಗ ಎಲ್ಲ ಹೇಳಿದೆನಲ್ಲ," ಎಂದು ನಂದಿತಾ ಎದ್ದು ಬಂದಳು.

"ಹೇಳಿದ್ರಿ ತಾಯಿ. ಒಳ್ಳೇದಾಯ್ತು. ಆ ಗ್ರೂಪಲ್ಲೂ ಯಾರಾದ್ರೂ ಹಾಕಿ, ಜಟ್ಟೆಮ್ಮ ತಾನಾಗೇ ಬಿಟ್ಟೋದ್ಲು ಅಂತ."

"ಸಾಂಬಾರು ಯಾರು ಮಾಡ್ತಾರೆ ಈಗ?" ಎಂದರು ಸುಕನ್ಯಮ್ಮ ಗೋಡೆಗೆ. ಜಟ್ಟೆಮ್ಮ ಮೆಟ್ಟಿಲಿಳಿದಳು.

ಗೇಟಿನ ಹೊರಗೆ ಹೊಂಗೆಯ ಮರದ ಕೆಳಗೆ ಬಂದಾಗ ಮೇಲಿನ ಅಡಿಗೆಮನೆಯ ಕಿಟಕಿಯಿಂದ ಕುಕ್ಕರ್ ಕೂಗಿತು. ಅವಳು ಚಪ್ಪಲಿಯ ಪಟ್ಟಿ ಸರಿ ಮಾಡಿಕೊಳ್ಳುತ್ತಾ ನಿಂತಳು. ಎರಡನೆಯ ಸಲ ಕೂಗಿತು, ಮೂರನೆಯ ಸಲವೂ ಕೂಗಿತು. ಬೇಳೆಗೆ ಅಷ್ಟು ಸಾಕು. ಅವಳ ಬಲಗೈ ಗಾಳಿಯಲ್ಲೇ ಒಲೆಯ ಗುಂಡಿ ತಿರುಗಿಸುವಂತೆ ಸಣ್ಣಗೆ ಆಡಿತು. ನಾಲ್ಕನೆಯ ಕೂಗು ಬಂತು, ಐದನೆಯದೂ ಬಂತು. ಮೇಲೆ ಯಾರೂ ಒಲೆ ಆರಿಸಿದಂತೆ ಕಾಣಲಿಲ್ಲ. ಜಟ್ಟೆಮ್ಮ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ರಸ್ತೆಯ ಆ ಬದಿಗೆ ದಾಟಿದಳು.