ಕೆಲಸಕ್ಕೆ ಹೋದ ಕೀ

ನನ್ನ ಹೆಂಡತಿ ತೀರಿಕೊಂಡ ದಿನ ಅವಳ ಕೈಗಳು ಚೊಕ್ಕಟವಾಗಿದ್ದವು. ಮೈ ತೊಳೆಯಲು ಬಂದ ನೆರೆಮನೆಯಾಕೆ ಅದನ್ನು ಮೊದಲು ಗಮನಿಸಿದರು. "ನೋಡಿ, ಉಗುರಿನ ಸಂದೀಲೂ ಒಂಚೂರು ಕೊಳೆ ಇಲ್ಲ. ಎಲ್ಲಾ ಕೆಲಸ ಮುಗಿಸಿ, ಕೈ ತೊಳ್ಕೊಂಡೇ ಹೋಗಿದ್ದಾರೆ ಪುಣ್ಯಾತ್ಗಿತ್ತಿ" ಎಂದರು.

ಆ ಮಾತು ನನ್ನಲ್ಲಿ ನಿಂತಿತು. ಬೆಳಗಿನ ಬಿಸಿಲು ಬೀಳುವ ಅಡುಗೆಮನೆಯ ಕುರ್ಚಿಯಲ್ಲಿ, ಗೋಡೆಗೆ ತಲೆ ಆನಿಸಿ ಅವಳು ಹೋಗಿದ್ದಳು. ಒಲೆಯ ಮೇಲೆ ಏನೂ ಇರಲಿಲ್ಲ. ನೆನೆಹಾಕಿದ ಬಟ್ಟೆ ಇರಲಿಲ್ಲ. ಅರ್ಧಕ್ಕೆ ಬಿಟ್ಟದ್ದು ಎಂದು ಬೆರಳಿಟ್ಟು ತೋರಿಸಲು ಮನೆಯಲ್ಲಿ ಒಂದು ವಸ್ತುವೂ ಇರಲಿಲ್ಲ. ಅಂದಿನಿಂದ ನನ್ನ ಪ್ರಾರ್ಥನೆ ಒಂದೇ ಮಾತಿಗೆ ಇಳಿಯಿತು: "ಸ್ವಾಮೀ, ಅವಳ ಕೆಲಸ ಮುಗಿದ ಮೇಲೆ ಕರೆದುಕೊಂಡೆ. ನಿನ್ನದು ದೊಡ್ಡ ದಯೆ." ಬೇರೆ ಯಾವ ಮಾತೂ ಬಾಯಿಗೆ ಬರುತ್ತಿರಲಿಲ್ಲ. ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಅದೊಂದನ್ನೇ ಹಿಡಿದುಕೊಂಡು ನಾನು ದಿನ ದೂಡುತ್ತಿದ್ದೆ.

ನಮ್ಮ ಮನೆಯಲ್ಲಿ ಕಾರು ಓಡಿಸುವವನು ನಾನು, ನೋಡಿಕೊಳ್ಳುವವಳು ಅವಳು. ಅವಳ ತಂದೆ ಲಾರಿ ಮೆಕ್ಯಾನಿಕ್, ತಮ್ಮನಿಗೂ ಅದೇ ಕಸುಬು. "ನೀವು ಓಡ್ಸಿ, ನಾನು ಬದುಕಿಸ್ತೀನಿ" ಎನ್ನುತ್ತಿದ್ದಳು. ಇಂಜಿನ್ ಆಯಿಲ್ ಬದಲಿಸುವ ದಿನ ಬೆಳಿಗ್ಗೆಯೇ ಗಾಡಿಯ ಕೆಳಗೆ ಚಾಪೆ ಹಾಸಿ ತೂರುವಳು. ಅಡಿಯ ಬೋಲ್ಟ್ ಬಿಚ್ಚುತ್ತಲೇ ಬಿಸಿ ಎಣ್ಣೆ ಅಂಗೈ ಮೇಲೆ ಸುರಿಯುವುದು. ಆ ದಿನ ಅವಳು ಮೊಣಕೈವರೆಗೆ ಕಪ್ಪು. ಬಾಗಿಲ ಹಿಡಿಯ ಮೇಲೂ ಲೋಟದ ಮೇಲೂ ಅವಳ ಬೆರಳ ಗುರುತು ಎರಡು ದಿನ ಉಳಿಯುತ್ತಿತ್ತು.

ಮಣಿಕಟ್ಟಿನಲ್ಲಿ ಶಕ್ತಿ ಕುಂದಿ ಬೋಲ್ಟ್ ಬಿಚ್ಚುವ ಪಾನಾ ತಿರುಗಿಸಲಾಗದೆ ಹೋದಾಗ ಅವಳು ಅಂಗಡಿಯಿಂದ ಒಂದು ಹಿತ್ತಾಳೆಯ ವಾಲ್ವ್ ತಂದಳು. ಹೆಬ್ಬೆರಳಿನಷ್ಟು ಗಾತ್ರ, ಪಕ್ಕದಲ್ಲಿ ಒಂದು ಸಣ್ಣ ಹಿಡಿ. ಬೋಲ್ಟ್ ಇದ್ದ ಜಾಗಕ್ಕೆ ಅದನ್ನು ಕೂರಿಸಿದರೆ ಮುಂದೆ ಪಾನಾದ ಹಂಗಿಲ್ಲ. ಹಿಡಿ ತಿರುಗಿಸಿದರೆ ಎಣ್ಣೆ ಇಳಿಯುತ್ತದೆ, ಮರಳಿ ತಿರುಗಿಸಿದರೆ ನಿಲ್ಲುತ್ತದೆ. ಭಾವಮೈದ ಅದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ.

"ಏನಕ್ಕಾ ಇದು, ಇಂಜಿನ್‌ಗೆ ನಲ್ಲಿ ಹಾಕಿಸ್ತಿದ್ದೀಯಾ? ಮುಂದಿನ ಸಲ ಬಂದಾಗ ಶವರ್ ಇರತ್ತೇನೋ."

ನನ್ನ ಭಯ ಬೇರೆ. "ದಾರೀಲಿ ಕಲ್ಲು ಸಿಡಿದು ತೆರ್ಕೊಂಡ್ರೆ ಏನೇ ಗತಿ?" ಎಂದೆ. ಅವಳು ವಾಲ್ವನ್ನು ಊಟದ ಮೇಜಿನ ಮೇಲಿಟ್ಟು ತೋರಿಸಿದಳು. ಮುಚ್ಚಿದಾಗಲೂ ತೆರೆದಾಗಲೂ ಹಿಡಿ ಒಂದು ಸಣ್ಣ ಕಚ್ಚಿನಲ್ಲಿ ಸ್ಪ್ರಿಂಗಿನ ಬಲದಿಂದ ಕೂತಿರುತ್ತದೆ.

"ಮೊದ್ಲು ಎತ್ಬೇಕು, ಆಮೇಲೆ ತಿರುಗಿಸ್ಬೇಕು. ಎತ್ತದೆ ತಿರುಗಲ್ಲ. ನಿಮ್ಮ ಕಲ್ಲು ಬಂದು ಮೊದ್ಲು ಎತ್ತಿ, ಆಮೇಲೆ ತಿರುಗಿಸಿ ಹೋಗತ್ತೇನ್ರೀ? ಅಷ್ಟು ಬುದ್ಧಿ ಕಲ್ಲಿಗಿದ್ರೆ ಅದನ್ನೇ ಮದುವೆ ಆಗ್ತಿದ್ದೆ."

ಆಮೇಲೆ ಆ ಕೆಲಸದ ಚಹರೆಯೇ ಬದಲಾಯಿತು. ವಾಲ್ವಿನ ಬಾಯಿಗೆ ರಬ್ಬರ್ ಕೊಳವೆ ಸಿಕ್ಕಿಸಿ ಅದರ ತುದಿಯನ್ನು ಹಳೆಯ ಕ್ಯಾನಿಗೆ ಇಳಿಬಿಟ್ಟು, ಹಿಡಿ ತಿರುಗಿಸಿ, ಒಳಗೆ ಬಂದು ಕುರ್ಚಿಯಲ್ಲಿ ಕೂರುವಳು. ನೆಲದ ಮೇಲೆ ಒಂದು ಹನಿ ಬೀಳದು. ಪೂರ್ತಿ ಬಸಿಯುವವರೆಗೆ ಆತುರವಿಲ್ಲ. ಆ ಹೊತ್ತಿನಲ್ಲಿ ನಾನು ಹೊರಗೆ ಹೋಗಲು ಕೀ ಕೇಳಿದರೆ, "ಕೀ ಕೆಲಸಕ್ಕೆ ಹೋಗಿದೆ ರೀ. ಬರತ್ತೆ, ಕೂತ್ಕೊಳ್ಳಿ" ಎನ್ನುವಳು. ನನ್ನನ್ನು ಮನೆಯಲ್ಲಿ ಕೂರಿಸಲು ಆಡುವ ತಮಾಷೆ ಎಂದುಕೊಂಡು ನಾನೂ ನಕ್ಕು ಸುಮ್ಮನಾಗುತ್ತಿದ್ದೆ.

ಅವಳು ಹೋದ ಮೇಲೆ ಕಾರಿನ ಕೀ ಸಿಗಲಿಲ್ಲ. ಮೊದಮೊದಲು ಯಾರೂ ಹುಡುಕಲಿಲ್ಲ. ನನಗೆ ಕಣ್ಣು ಮಂಜಾಗಿ ಗಾಡಿ ಓಡಿಸುವ ಆಸೆಯೂ ಉಳಿದಿರಲಿಲ್ಲ. ಮಗಳು ಬೇರೆ ಊರಿನಲ್ಲಿ ನರ್ಸು, ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಆರೈಕೆ ಮಾಡುವವಳು. ಅವಳ ಗಾಡಿ ಕೈಕೊಟ್ಟಿತು ಎಂದು ತಿಳಿದಾಗ, "ಅಮ್ಮನ ಕಾರು ತಗೊಂಡು ಹೋಗು" ಎಂದೆ. ಆಗ ಹುಡುಕಾಟ ಶುರುವಾಯಿತು. ಹೆಂಡತಿಯ ಚೀಲ, ಕೋಟಿನ ಜೇಬು, ಗುಂಡಿ ಹಾಕುವ ಡಬ್ಬಿ, ಹೂಕುಂಡದ ತಳ, ಎಲ್ಲ ನೋಡಿದ್ದಾಯಿತು. ಕೊನೆಗೆ ಭಾವಮೈದ ಒಬ್ಬ ಕೀ ಮಾಡುವವನನ್ನು ಕರೆದುಕೊಂಡು ಬಂದ. ಹೊಸ ಕೀ ಆದ ಕೂಡಲೇ ತಾನೇ ಓಡಿಸಿಕೊಂಡು ಹೋಗಿ ಅಕ್ಕನ ಮಗಳಿಗೆ ಒಪ್ಪಿಸಿ ಬರುವೆನೆಂದ.

ಕೀ ಮಾಡುವವನು ತೆಳ್ಳನೆಯ ಪಟ್ಟಿಯಿಂದ ಬಾಗಿಲು ತೆರೆದು, ಕಾರು ನಿಂತಿದ್ದ ಶೆಡ್ಡಿನ ಹೊಸ್ತಿಲಲ್ಲಿ ಕೂತು ಹೊಸ ಕೀಯನ್ನು ಅರದಿಂದ ಉಜ್ಜತೊಡಗಿದ.

"ಹೆಂಗಸ್ರು ಇಟ್ಟಿದ್ದು ಗಂಡಸ್ರಿಗೆ ಸಿಗಲ್ಲ ಯಜಮಾನ್ರೇ. ಅದ್ರಿಂದ್ಲೇ ನನ್ನ ಹೊಟ್ಟೆ ನಡೀತಿರೋದು" ಎಂದ. ಭಾವಮೈದ ಕಣ್ಣು ಸನ್ನೆ ಮಾಡಿದ ಮೇಲೆ ಅವನು ಮಾತು ನಿಲ್ಲಿಸಿದ.

ಕೀ ತಯಾರಾಯಿತು. ಭಾವಮೈದ ಸೀಟು ಹಿಂದೆ ತಳ್ಳಿ, ಹೊಟ್ಟೆ ಒಳಗೆಳೆದು, ಸ್ಟಿಯರಿಂಗ್ ಮುಂದೆ ಕೂತ. ತಿರುಗಿಸಬೇಕು ಅನ್ನುವಷ್ಟರಲ್ಲಿ ನಾನು, "ತಾಳಪ್ಪಾ, ಕಡ್ಡಿ ನೋಡೋಣ" ಎಂದೆ. ಎಣ್ಣೆಯ ಮಟ್ಟ ನೋಡುವ ಕಡ್ಡಿ ಅದು. ಬಹಳ ದಿನ ನಿಂತ ಗಾಡಿಯನ್ನು ಅದನ್ನು ನೋಡದೆ ಶುರು ಮಾಡಕೂಡದೆಂದು ಅವಳು ನನ್ನ ತಲೆಯಲ್ಲಿ ಕುಟ್ಟಿ ಕೂರಿಸಿದ್ದಳು.

"ಭಾವ, ಅಕ್ಕನ ಗಾಡೀಲಿ ಎಣ್ಣೆ ಇದ್ಯಾ ಅಂತ ನೋಡೋದೂ ಒಂದೇ, ಸೂರ್ಯ ಹುಟ್ಟಿದ್ನಾ ಅಂತ ನೋಡೋದೂ ಒಂದೇ."

"ಇರ್ಲಿ. ನನ್ನ ಸಮಾಧಾನಕ್ಕೆ."

ಬಾನೆಟ್ ಎತ್ತಿ ಕಡ್ಡಿ ಎಳೆದೆ. ಒಣಗಿತ್ತು. ಬಟ್ಟೆಯಲ್ಲಿ ಒರೆಸಿ ಮತ್ತೆ ಇಳಿಸಿ ಎಳೆದೆ. ಮತ್ತೂ ಒಣಗಿತ್ತು. ಭಾವಮೈದ ಕೀಲಿಯಿಂದ ಕೈ ತೆಗೆದು ಕೆಳಗಿಳಿದ. "ಒಂದು ನಿಮಿಷ ಓಡಿದ್ರೂ ಇಂಜಿನ್ ಜಾಮ್ ಆಗಿ ಹಿಡ್ಕೊಂಡು ಬಿಡ್ತಿತ್ತು ಭಾವ" ಎಂದು ಮಂಡಿಯೂರಿದ. ಹೊಟ್ಟೆ ಅವನನ್ನು ಬಗ್ಗಲು ಬಿಡಲಿಲ್ಲ. ನಾನು ಬಡಕಲು ಆಳು, ಮಲಗಿ ತೂರಿದೆ.

ಚಾಪೆ ಅಲ್ಲಿ ಆಗಲೇ ಹಾಸಿತ್ತು.

ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕ್ಯಾನು ಕಾಣಿಸಿತು, ಅದರೊಳಕ್ಕೆ ಇಳಿದ ಕೊಳವೆ, ಮೇಲೆ ವಾಲ್ವು. ಹಿಡಿ ತೆರೆದಿತ್ತು. ಆ ಹಿಡಿಗೆ ಬಳೆಯಂಥ ಉಂಗುರ ಸಿಕ್ಕಿಸಿಕೊಂಡು ಕಾರಿನ ಕೀ ನೇತಾಡುತ್ತಿತ್ತು.

"ಕೀ ಇಲ್ಲಿದೆ ಕಣಯ್ಯಾ" ಎಂದೆ. "ನಲ್ಲಿ ತೆರೆದಿದೆ."

ಮೇಲಿನಿಂದ ಭಾವಮೈದನ ದನಿ ಬಂತು. "ಅಪ್ಪನ ಪಾಠ ಅದು. ಎಣ್ಣೆ ಹೊರಗಿರೋವಾಗ ಕೀ ಅಲ್ಲೇ ಕೆಳಗಿರ್ಬೇಕು, ಗೊತ್ತಿಲ್ದೆ ಯಾರೂ ಗಾಡಿ ಶುರು ಮಾಡ್ಬಾರ್ದು ಅಂತ. ಗ್ಯಾರೇಜಲ್ಲಿ ಅದನ್ನ 'ಕೀ ಕೆಲಸದಲ್ಲಿದೆ' ಅಂತಿದ್ರು. ನಾನು ಮರ್ತೇಬಿಟ್ಟಿದ್ದೆ. ಅಕ್ಕ ಮರ್ತಿರ್ಲಿಲ್ಲ."

ನಾನು ಚಾಪೆಯ ಮೇಲೆ ಮಲಗಿಯೇ ಇದ್ದೆ. ಆ ಬೆಳಿಗ್ಗೆ ಅವಳು ಕುರ್ಚಿಯಲ್ಲಿ ಕೂತದ್ದು ಕೆಲಸ ಮುಗಿಸಿ ಅಲ್ಲ; ಎಣ್ಣೆ ಬಸಿಯಲಿ ಎಂದು ಕಾಯುತ್ತ ಕೂತಿದ್ದಳು. ಎದ್ದು ಬಂದು ನಲ್ಲಿ ಮುಚ್ಚಿ, ಹೊಸ ಎಣ್ಣೆ ಸುರಿದು, ಕೀ ತಂದು ನನ್ನ ಕೈಗೆ ಕೊಡುವವಳಿದ್ದಳು. ಕೈ ಚೊಕ್ಕಟವಾಗಿದ್ದದ್ದು ಈ ಹಿತ್ತಾಳೆಯ ತುಂಡಿನಿಂದ. ಹಳೆಯ ಬೋಲ್ಟೇ ಇದ್ದಿದ್ದರೆ ಕೈ ಕಪ್ಪಾಗಿರುತ್ತಿತ್ತು, ನೋಡಿದವರೆಲ್ಲ ದೇವರು ಅವಳನ್ನು ಅರ್ಧ ಕೆಲಸದಿಂದ ಎಬ್ಬಿಸಿಕೊಂಡು ಹೋದನೆಂದು ತಿಳಿಯುತ್ತಿದ್ದರು. ನಾನು ಇಷ್ಟು ದಿನ ದೇವರಿಗೆ ಹೇಳಿದ ವಂದನೆ ಅವಳ ವಿಷಯದಲ್ಲಿ ನಿಜವಾಗಿರಲಿಲ್ಲ.

"ಭಾವ, ಹೊರಗೆ ಬನ್ನಿ. ನಾನು ಜಾಕ್ ತಂದು ಎತ್ತಿ ಮಾಡ್ತೀನಿ."

"ಬೇಡ. ನಾನೇ ಮುಚ್ತೀನಿ."

ಕೀಯನ್ನು ಬಿಡಿಸಿ ಎದೆಯ ಜೇಬಿಗೆ ಹಾಕಿಕೊಂಡೆ. ಹಿಡಿಯನ್ನು ತಿರುಗಿಸಲು ನೋಡಿದೆ, ಅಲುಗಲಿಲ್ಲ. ಬಲ ಹಾಕಿದೆ, ಇಲ್ಲ. ಆಗ ಮೇಜಿನ ಮೇಲಿನ ಪಾಠ ನೆನಪಾಯಿತು. ಮೊದಲು ಎತ್ತಿದೆ, ಆಮೇಲೆ ತಿರುಗಿಸಿದೆ. ಹಿಡಿ ಟಕ್ಕೆಂದು ತನ್ನ ಕಚ್ಚಿನಲ್ಲಿ ಕೂತಿತು. ಕೊಳವೆ ಎಳೆಯುವಾಗ ಅದರೊಳಗೆ ಉಳಿದಿದ್ದ ಒಂದು ಹನಿ ನನ್ನ ಹೆಬ್ಬೆರಳಿನ ಮೇಲೆ ಬಿತ್ತು.

ಹೊಸ ಎಣ್ಣೆಯ ಡಬ್ಬಿಯೂ ಫಿಲ್ಟರೂ ಶೆಡ್ಡಿನ ಹಲಗೆಯ ಮೇಲೆ ಅವಳು ಇಟ್ಟಲ್ಲೇ ಇದ್ದವು. ಅವು ಯಾವಾಗಲೂ ಅಲ್ಲಿರುವ ಸಾಮಾನು ಎಂದು ನಾವು ದಾಟಿ ಓಡಾಡಿದ್ದೆವು. ಭಾವಮೈದ ಮೇಲಿನಿಂದಲೇ ಕೈ ಇಳಿಸಿ ಫಿಲ್ಟರ್ ಬದಲಿಸಿದ. ನಾನು ಎಣ್ಣೆ ಸುರಿದೆ. ಕಡ್ಡಿ ನೋಡಿದೆವು. ಅವಳ ಕೀಯಿಂದಲೇ ಗಾಡಿ ಶುರು ಮಾಡಿದೆವು. ಎಣ್ಣೆಯ ಕೆಂಪು ದೀಪ ಹತ್ತಿ, ಆರಿತು.

"ಹಾಗಾದ್ರೆ ನಾನು ಮಾಡಿದ್ದು?" ಎಂದು ಕೀ ಮಾಡುವವನು ಮೆಲ್ಲಗೆ ಕೇಳಿದ.

"ಅದೂ ಬೇಕಪ್ಪ. ಅದು ಓಡಿಸೋಕೆ. ಇದು ನಲ್ಲಿಗೆ ನೇತುಹಾಕೋಕೆ" ಎಂದ ಭಾವಮೈದ. ನಗಲು ಹೊರಟವನು ನಗಲಾರದೆ, ಕಪ್ಪಾದ ಕೈಯನ್ನು ಬಟ್ಟೆಗೆ ಉಜ್ಜುತ್ತ ಆಚೆ ತಿರುಗಿ ನಿಂತ.

ಸಂಜೆ ಮಗಳ ಫೋನು ಬಂತು. "ಅಪ್ಪಾ, ಮಾವ ಗಾಡಿ ತಂದ್ರು. ಅಮ್ಮನ ಕೀನೂ ಕೊಟ್ರು. ಎಲ್ಲಿತ್ತು?"

"ಕೆಲಸಕ್ಕೆ ಹೋಗಿತ್ತು ಮಗಳೇ."

ಅವಳಿಗೂ ಆ ಮಾತು ಗೊತ್ತಿತ್ತು.

ನಾನು ಪ್ರಾರ್ಥನೆಗೆ ಕೂತೆ. ಕೈ ತೊಳೆಯದೆ ಎಂದೂ ಕೂತವನಲ್ಲ, ಅಂದು ತೊಳೆಯಲಿಲ್ಲ. ಹೆಬ್ಬೆರಳಿನ ಮೇಲೆ ಆ ಕಪ್ಪು ಹಾಗೇ ಇತ್ತು. ರೂಢಿಯ ಮಾತು ಬಾಯಿಯವರೆಗೆ ಬಂದು ನಿಂತಿತು. ಅದನ್ನು ನುಂಗಿ, ಹೇಳಬೇಕಾದ್ದನ್ನು ಹೇಳಿದೆ: "ಸ್ವಾಮೀ, ಅವಳ ಕೆಲಸ ಮುಗಿದಿರಲಿಲ್ಲ. ನಿನಗೆ ಗೊತ್ತಿತ್ತು. ಈಗ ನನಗೂ ಗೊತ್ತಾಯಿತು. ನಲ್ಲಿ ಮುಚ್ಚಿದ್ದೇನೆ."