ರಾಣಿಯ ಅಂಗಿಗೆ ಮೆಷಿನ್ ಹೊಲಿಗೆ

ಮನೆಯಲ್ಲಿರುವುದು ಒಂದೇ ಫೋನು, ಬೇಕೆನ್ನುವವರು ಮೂವರು. ಈ ಕಷ್ಟ ನಿಮ್ಮ ಮನೆಯಲ್ಲೂ ಇದ್ದರೆ ಮುಂದೆ ಓದಿ. ಇಲ್ಲದಿದ್ದರೂ ಓದಿ, ನಷ್ಟವೇನಿಲ್ಲ.

ಟೈಲರ್ ಅಂಗಡಿ ಬೀದಿಗೆ, ಮನೆ ಅದರ ಹಿಂದಕ್ಕೆ, ನಡುವೆ ಒಂದು ಪರದೆ. ಅಪ್ಪ ಮೆಷಿನ್ ತುಳಿಯುತ್ತಾನೆ. ಕಾಜಾ, ಗುಂಡಿ, ಅಂಚು, ಹೀಗೆ ಕೈಹೊಲಿಗೆಯೆಲ್ಲ ಅಮ್ಮನದು. ಮಗಳು ಒಂಬತ್ತನೇ ತರಗತಿ. ಎರಡು ವರ್ಷದವಳಿದ್ದಾಗ ಅಂಗಿಯ ಗುಂಡಿ ನುಂಗಿ ಎಲ್ಲರ ಜೀವ ಬಾಯಿಗೆ ತರಿಸಿದವಳು. ಅಂದಿನಿಂದ ಅವಳ ಹೆಸರೇ ಗುಂಡಿ.

ಶಾಲೆಯ ಇತಿಹಾಸದ ಮೇಡಂ ಈ ವರ್ಷ ಒಂದು ಹೊಸ ಕೆಲಸ ಕೊಟ್ಟಿದ್ದರು. ಮನೆಯ ಕಸುಬನ್ನು ಬೇರೆ ದೇಶದವರು, ಹಿಂದಿನ ಕಾಲದವರು ಹೇಗೆ ಮಾಡುತ್ತಿದ್ದರು ಎಂದು ಇಂಟರ್‌ನೆಟ್‌ನಲ್ಲಿ ಹುಡುಕಬೇಕು. ಶುಕ್ರವಾರ ತರಗತಿಯಲ್ಲಿ ಐದು ನಿಮಿಷ ಮಾತಾಡಬೇಕು. ದೂರದ ಇನ್ನೊಂದು ದೇಶದ ಶಾಲೆಯ ಮಕ್ಕಳೂ ವಿಡಿಯೋ ಕಾಲ್‌ನಲ್ಲಿ ತೆರೆಯ ಮೇಲೆ ಬಂದು ಕೇಳುತ್ತಾರೆ. ಹಾಜರಿ ಕರೆದಾಗ ಬಿಟ್ಟರೆ ಬಾಯಿ ಬಿಡದ ಗುಂಡಿ, ಮೊದಲು ತಾನೇ ಮಾತಾಡುತ್ತೇನೆ ಎಂದು ಕೈ ಎತ್ತಿ ಬಂದಿದ್ದಳು.

ಹಾಗಾಗಿ ಫೋನು ಅವಳ ಕೈ ಬಿಡುತ್ತಿರಲಿಲ್ಲ.

"ಗಿರಾಕಿ ಮೂರು ಸಲ ಫೋನ್ ಮಾಡಿದಾರಂತೆ. ನೀನು ಎತ್ತಿಲ್ಲ," ಎಂದ ಅಪ್ಪ.

"ಹಿಸ್ಟರಿ ನೋಡ್ತಿದ್ದೆ ಅಪ್ಪ."

"ಸತ್ತ ರಾಜರು ಎಲ್ಲೂ ಓಡಿ ಹೋಗಲ್ಲ. ಗಿರಾಕಿ ಓಡಿ ಹೋಗ್ತಾರೆ."

ಬುಧವಾರ ಗುಂಡಿ ಕುಣಿಯುತ್ತಾ ಅಂಗಡಿಗೆ ಬಂದಳು. "ಅಪ್ಪ, ಇಲ್ನೋಡು! ಎರಡು ಸಾವಿರ ವರ್ಷದ ಹಿಂದಿನ ರಾಣಿ ಅಂಗಿ. ಒಂದು ಎಳೆನೂ ಹೋಗಿಲ್ಲ. ಲಕ್ಷ ಜನ ಲೈಕ್ ಮಾಡಿದಾರೆ. ನನ್ನ ಐದು ನಿಮಿಷನೂ ಇದರ ಮೇಲೇನೇ."

ಅಪ್ಪ ಕನ್ನಡಕ ಮೂಗಿನ ಮೇಲೆ ಕೂರಿಸಿ ಚಿತ್ರ ದೊಡ್ಡದು ಮಾಡಿ ನೋಡಿದ. ಆಮೇಲೆ ಹೊಟ್ಟೆ ಹಿಡಿದು ನಕ್ಕ.

"ಲೇ, ಇದು ಮೆಷಿನ್ ಹೊಲಿಗೆ ಕಣೇ! ಅಂಚು ನೋಡು, ಓವರ್‌ಲಾಕ್ ಹೊಡೆದಿದಾರೆ. ಎರಡು ಸಾವಿರ ವರ್ಷದ ಹಿಂದೆ ಹೊಲಿಗೆ ಮೆಷಿನ್ ಯಾರ ಮನೇಲಿತ್ತು?"

ಗುಂಡಿಯ ಮುಖ ಸಪ್ಪಗಾಯಿತು. ಅಪ್ಪನ ನಗುವೂ ನಿಂತಿತು.

"ಈ ಬುರುಡೆ ನೋಡೋಕೆ ಫೋನ್ ಬೇಕಿತ್ತಾ? ಇವತ್ತಿಂದ ಇದು ನನ್ನ ಜೇಬಲ್ಲಿರುತ್ತೆ. ಪುಸ್ತಕ ಇದೆ, ಓದ್ಕೋ."

ಅಮ್ಮ ಏನೋ ಹೇಳಲು ಹೊರಟಳು. ಆದರೆ ಹಲ್ಲಿನ ನಡುವೆ ದಾರ ಇತ್ತು. ಅದನ್ನು ಕಡಿಯುವಷ್ಟರಲ್ಲಿ ಫೋನು ಜೇಬು ಸೇರಿತ್ತು. ಗುಂಡಿ ಪರದೆಯ ಹಿಂದೆ ಹೋಗಿ ಕೂತಳು. ಶುಕ್ರವಾರ ಎದ್ದು ನಿಂತು ಹೇಳಲು ಅವಳ ಬಳಿ ಈಗ ಏನೂ ಇರಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಮೇಡಂ ಕೋಟಿನ ತೋಳು ಸಡಿಲ ಮಾಡಿಸಲು ಅಂಗಡಿಗೆ ಬಂದರು. ಅಪ್ಪ ಭುಜಕ್ಕೆ ಟೇಪು ಹಿಡಿದುಕೊಂಡೇ ಶುರುಮಾಡಿದ.

"ಮೇಡಂ, ತಪ್ಪು ತಿಳೀಬೇಡಿ. ನೀವು ಮಕ್ಕಳಿಗೆ ಫೋನ್ ಕೊಡಿ ಅಂತೀರಿ. ಅದರಲ್ಲಿ ಬರೋದಕ್ಕೆ ತಲೆನೂ ಇಲ್ಲ, ಬುಡನೂ ಇಲ್ಲ." ರಾಣಿಯ ಅಂಗಿಯ ಕತೆಯನ್ನೆಲ್ಲ ಹೇಳಿದ.

"ಸುಳ್ಳು ಅಂತ ಯಾರು ಹಿಡಿದ್ರು?"

"ನಾನೇ. ಹೊಲಿಗೆ ನೋಡಿದ ಕೂಡ್ಲೆ."

"ನಾನಾಗಿದ್ರೆ ನಂಬಿಬಿಡ್ತಿದ್ದೆ," ಎಂದರು ಮೇಡಂ.

ಟೇಪು ನಿಂತಿತು.

"ನಿಜ ಹೇಳ್ತೀನಿ. ನನಗೆ ಹೊಲಿಗೆ ಗೊತ್ತಿಲ್ಲ. ಇತಿಹಾಸ ಅಂದ್ರೂ ಇದೇ ಕೆಲಸ, ಮೇಲಿಂದ ಚೆನ್ನಾಗಿದೆ ಅಂತ ಒಪ್ಪದೆ ಒಳಗಡೆ ತಿರುಗಿಸಿ ನೋಡೋದು. ನೀವು ನಿನ್ನೆ ಅರ್ಧ ಪಾಠ ಮಾಡಿದೀರಿ. ಇನ್ನರ್ಧ ನಾನು ಮಾಡ್ತೀನಿ, ಫೋನ್ ಕೊಡಿ. ಗುಂಡೀ, ಬಾ ಇಲ್ಲಿ."

ಹೊಗಳಿಕೆ ಕೇಳಿದ ಮೇಲೆ ಅಪ್ಪನ ಕೈ ತಾನಾಗಿ ಜೇಬಿಗೆ ಹೋಗಿ ಫೋನು ಹೊರಗೆ ತಂದಿತು.

ಮೇಡಂ ಆ ಚಿತ್ರವನ್ನೇ ಹುಡುಕುವ ಜಾಗಕ್ಕೆ ಹಾಕಿಸಿದರು. ಅದೇ ಚಿತ್ರ ಎಲ್ಲೆಲ್ಲಿದೆಯೋ ಎಲ್ಲ ಬಂತು. ಎಲ್ಲಕ್ಕಿಂತ ಹಳೆಯದು ನಾಟಕದ ಉಡುಪು ಬಾಡಿಗೆಗೆ ಕೊಡುವ ಒಂದು ಅಂಗಡಿಯದು. ಅಲ್ಲಿ ರಾಣಿಯ ಸುದ್ದಿಯೂ ಇರಲಿಲ್ಲ, ಎರಡು ಸಾವಿರ ವರ್ಷದ ಸುದ್ದಿಯೂ ಇರಲಿಲ್ಲ.

"ನಡುವೆ ಯಾರೋ ಕತೆ ಕಟ್ಟಿದಾರೆ," ಎಂದರು ಮೇಡಂ. "ಈಗ ಯಾವುದಾದ್ರೂ ವಸ್ತುಸಂಗ್ರಹಾಲಯದ ಪುಟ ತೆಗಿ. ಎಲ್ಲಿ ಸಿಕ್ತು, ಯಾವ ಕಾಲದ್ದು, ಅದು ಹೇಗೆ ಗೊತ್ತಾಯ್ತು ಅಂತ ಬರೆದಿರಬೇಕು. ಬರೆದೋರು ಯಾರು ಅಂತಲೂ ಇರಬೇಕು. ಆಮೇಲೆ ಇನ್ನೊಂದು ಕಡೆ ತಾಳೆ ನೋಡು."

"ಮೇಡಂ, ಭಾಷೆ ಬೇರೆ."

"ಅಲ್ಲಿ ಒತ್ತು, ನಮ್ಮ ಭಾಷೆಗೆ ಬರುತ್ತೆ. ಸ್ವಲ್ಪ ಸೊಟ್ಟಗೆ ಬರುತ್ತೆ, ಅಷ್ಟೇ."

ಸೊಟ್ಟಗೇ ಬಂತು. ಕಾಲರನ್ನು 'ಗಂಟಲು ಬೆಲ್ಟು' ಎಂದು ಬರೆದಿತ್ತು. ಅಪ್ಪನಿಗೆ ಮಾತ್ರ ಅರ್ಥವಾಯಿತು.

ಗುಂಡಿಗೆ ಸಿಕ್ಕಿದ್ದು ರಾಣಿಯ ಅಂಗಿಯಲ್ಲ. ಮಾಸಿದ ಕಂದು ಬಣ್ಣದ, ಹುಳು ತಿಂದ ಒಂದು ಪುಟ್ಟ ನಿಲುವಂಗಿ. ನೋಡಲು ಏನೇನೂ ಚೆಂದವಿರಲಿಲ್ಲ. ಮುಂದೆ, ಹಿಂದೆ, ಒಳಗೆ, ಎಲ್ಲ ಕಡೆಯ ಚಿತ್ರಗಳಿದ್ದವು. ಅಪ್ಪ ಫೋನನ್ನು ತಾನೇ ತೆಗೆದುಕೊಂಡ.

"ಕೈಹೊಲಿಗೆ. ಬಗಲಲ್ಲಿ ಚೌಕದ ತುಂಡು ಕೊಟ್ಟಿದಾರೆ ನೋಡು, ಕೈ ಎತ್ತಿದ್ರೆ ಹರೀಬಾರದು ಅಂತ. ನಾನೂ ಹೀಗೇ ಕೊಡೋದು." ದನಿಯಲ್ಲಿ ಜಗಳವಿರಲಿಲ್ಲ. "ಆದ್ರೆ ಸೊಂಟದ ಹತ್ರ ಈ ಮಡಿಕೆ ಯಾಕೆ ಹಾಕಿದ್ರೋ. ಬಟ್ಟೆ ದಂಡ."

ಅಮ್ಮ ಸೂಜಿ ಕೆಳಗಿಟ್ಟು ಬಂದಳು.

"ದಂಡ ಅಲ್ಲರೀ. ಮಗು ಬೆಳೆದ ಹಾಗೆ ಬಿಚ್ಚೋಕೆ. ಗುಂಡಿ ಯೂನಿಫಾರಂಗೆ ವರ್ಷಾ ವರ್ಷಾ ನಾನು ಹಾಕಲ್ವಾ?" ಇನ್ನೂ ಹತ್ತಿರದಿಂದ ನೋಡಿದಳು. "ಇದನ್ನ ಬಿಚ್ಚೇ ಇಲ್ಲ."

ಗುಂಡಿ ಕೆಳಗಿನ ಸಾಲು ಓದಿದಳು. ಸಾವಿರ ವರ್ಷದ ಹಿಂದಿನ ಅಂಗಿ, ಸಿಕ್ಕಿದ್ದು ಒಂದು ಮಗುವಿನ ಸಮಾಧಿಯಲ್ಲಿ.

"ಯಾವ ದೇಶವೋ, ಯಾವ ತಾಯಿಯೋ," ಎಂದು ಅಮ್ಮ ಕಣ್ಣು ಒರೆಸಿಕೊಂಡಳು.

ಅಪ್ಪ ಗುಂಡಿಯ ಕಡೆ ತಿರುಗಿದ. "ನಾಳೆ ಎಷ್ಟು ಹೊತ್ತಿಗೆ?"

"ಹನ್ನೊಂದಕ್ಕೆ."

"ಫೋನ್ ತಗೋ, ಇನ್ನೊಂದು ಕಡೆ ತಾಳೆ ನೋಡಿ ಸರಿಯಾಗಿ ಬರ್ಕೋ. ಗಿರಾಕಿಗೆ ಅವಸರ ಇದ್ರೆ ಅಂಗಡಿಗೇ ಬರಲಿ."

ಶುಕ್ರವಾರ ಗುಂಡಿ ಎರಡೂ ಅಂಗಿ ತೋರಿಸಿದಳು. "ಇದನ್ನ ನಾನು ನಂಬಿ ಮೋಸ ಹೋದೆ. ಹಿಡಿದಿದ್ದು ನಮ್ಮಪ್ಪ," ಎಂದು ನಾಚಿಕೆಯಿಲ್ಲದೆ ಹೇಳಿದಳು. ಆಮೇಲೆ ಪುಟ್ಟ ಅಂಗಿಯ ಮಡಿಕೆ ತೋರಿಸಿ, ಅದು ಯಾಕೆಂದು ಅಮ್ಮ ಹೇಳಿದ್ದನ್ನು ಹೇಳಿದಳು.

ಮೇಡಂ ಅದನ್ನು ಆ ಕಡೆಯವರ ಭಾಷೆಯಲ್ಲಿ ಹೇಳಿ ಮುಗಿಸಿದರು. ತೆರೆಯ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕ್ಯಾಮೆರಾದ ಹತ್ತಿರ ಬಂದು, ತನ್ನ ಶಾಲೆಯ ಕೋಟಿನ ತೋಳನ್ನು ಒಳಮಗ್ಗುಲಿಗೆ ತಿರುಗಿಸಿ ಹಿಡಿದಳು. ಅಲ್ಲಿ ಎರಡು ಬೆರಳಗಲದ ಮಡಿಕೆಯಿತ್ತು. ಅದನ್ನು ಹಾಕಿದ್ದು ಅವಳ ಅಜ್ಜಿಯಂತೆ. ಈ ಕಡೆಯ ತರಗತಿಯಲ್ಲಿ ನಲವತ್ತು ಮಕ್ಕಳೂ ತಮ್ಮ ತಮ್ಮ ಬಟ್ಟೆ ತಿರುಗಿಸಿ ನೋಡತೊಡಗಿದರು. ಆ ದಿನ ಪಾಠ ಮುಂದೆ ಹೋಗಲಿಲ್ಲ.

ಅಪ್ಪಂದಿರೇ, ಅಮ್ಮಂದಿರೇ, ಹೈಸ್ಕೂಲ್ ಮಕ್ಕಳ ಕೈಯಿಂದ ಫೋನು ಕಿತ್ತುಕೊಳ್ಳುವುದು ಸುಲಭ. ಕೊಟ್ಟು ಸುಮ್ಮನಿರುವುದು ಇನ್ನೂ ಸುಲಭ. ಎರಡೂ ಬೇಡ. ಯಾರು ಹೇಳಿದ್ದು, ಅವರಿಗೆ ಹೇಗೆ ಗೊತ್ತು, ಇನ್ನೊಬ್ಬರೂ ಹಾಗೇ ಹೇಳುತ್ತಾರಾ ಎಂದು ಮಕ್ಕಳನ್ನು ಕೇಳಿ. ನೀವು ಬಡಗಿಯಾಗಿರಬಹುದು, ಅಡುಗೆಯವರಾಗಿರಬಹುದು, ಗಾರೆ ಕೆಲಸದವರಾಗಿರಬಹುದು. ನಿಮ್ಮ ಕೆಲಸ ಮಾಡಿದವರು ಪ್ರಪಂಚದ ಎಲ್ಲ ಮೂಲೆಯಲ್ಲೂ ಇದ್ದರು. ಅವರ ಕೈಚಳಕ ನಿಮಗೆ ತಿಳಿದಷ್ಟು ಮೇಷ್ಟರಿಗೂ ತಿಳಿಯದು. ಇವತ್ತು ಮಗು ಫೋನ್ ಹಿಡಿದು ಕೂತಾಗ ಕೈಕೆಲಸ ಬಿಟ್ಟು ಹತ್ತಿರ ಹೋಗಿ ಹೇಳಿ: "ಸ್ವಲ್ಪ ಸರ್ಕೋ, ನಾನೂ ನೋಡ್ತೀನಿ."